ಇಳಿಯಲೊಲ್ಲದ ಗಾಜು

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ತಳುಕು ದಾಟಿದ ಮೇಲೆ, ಬಿಳಿ ಕಾರೊಂದು ಬೇವಿನ ಮರದ ನೆರಳಿಗೆ ಸರಿದು ನಿಂತಿತು. ಒಳಗೆ ಐದು ಜನ. ಚಳ್ಳಕೆರೆಯ ಶೇಂಗಾ ವ್ಯಾಪಾರಿಯೊಬ್ಬರು, ಅವರ ಹೆಂಡತಿ, ಮದುವೆ ಗೊತ್ತಾಗಿರುವ ಮಗಳು, ಹಿಂದಿನ ಸೀಟಿನ ಎಡ ಮೂಲೆಯಲ್ಲಿ ಎಂಬತ್ತು ಸಮೀಪಿಸಿದ ಅಜ್ಜ ಮತ್ತು ಡ್ರೈವರ್ ಹುಡುಗ. ಹೊರಟಿದ್ದು ಮೊಳಕಾಲ್ಮುರಿಗೆ, ಧಾರೆ ಸೀರೆ ತರಲು. ಏಸಿಯ ಗ್ಯಾಸ್ ಮುಗಿದು ವರ್ಷವಾಗಿತ್ತು. ಇವತ್ತು ಹಾಕಿಸೋಣ ನಾಳೆ ಹಾಕಿಸೋಣ ಎನ್ನುವುದರಲ್ಲೇ ಬೇಸಿಗೆ ಬಂದುಬಿಟ್ಟಿತ್ತು. ಹಾಗಾಗಿ ಕಿಟಕಿಯ ಗಾಳಿಯೇ ಗತಿ. ಮೂರು ಕಿಟಕಿಗಳ ಗಾಜು ಇಳಿದಿದ್ದವು. ಅಜ್ಜನ ಪಕ್ಕದ್ದು ಮಾತ್ರ ಇಳಿಯಲೊಲ್ಲದು. ಅಜ್ಜನಿಗೋ ಉಬ್ಬಸ.

'ಒತ್ತೋ, ಇನ್ನೊಂದ್ಸಲ ಒತ್ತು' ಎಂದರು ವ್ಯಾಪಾರಿ.

'ಚಳ್ಳಕೆರೆ ಬಿಟ್ಟಾಗಿಂದ ಒತ್ತುತಾನೇ ಇದೀನಿ ಯಜಮಾನ್ರೇ. ಮೊದ್ಲು ಗುಂಯ್ ಅಂತಿತ್ತು, ಈಗ ಅದೂ ಇಲ್ಲ.'

ಅಜ್ಜನನ್ನು ಮುಂದಿನ ಸೀಟಿಗೆ ಕೂರಿಸಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಕೂರಿಸಿದ್ದರು. ಕಾಲು ಚಾಚಿ ಕೂರುವ ಅಭ್ಯಾಸದ ಅಜ್ಜ, ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಮಂಡಿ ನೋವೆಂದು ಹಿಂದಕ್ಕೇ ಬಂದಿದ್ದರು. ವ್ಯಾಪಾರಿ ಕೆಳಗಿಳಿದು ಎರಡೂ ಅಂಗೈಯನ್ನು ಗಾಜಿಗೆ ಒತ್ತಿ ಕೆಳಕ್ಕೆ ಜಗ್ಗಿದರು. ಮೂಟೆ ಎತ್ತಿ ಪಳಗಿದ ಕೈ. ಗಾಜು ಮಿಸುಕಲಿಲ್ಲ.

ಮಿಸುಕದಿರುವುದರಲ್ಲೇ ಒಂದು ಪಾಠವಿದೆ. ಹಳೆಯ ಅಂಬಾಸಿಡರ್ ಕಾರಿನಲ್ಲಿ, 1983ರ ಕೊನೆಗೆ ರಸ್ತೆಗಿಳಿದ ಮಾರುತಿ 800ರಲ್ಲಿ, ಗಾಜು ಇಳಿಸಲು ಬಾಗಿಲಿಗೊಂದು ತಿರುಗಿಸುವ ಹಿಡಿ ಇರುತ್ತಿತ್ತು. ಗಾಜು ಬಿಗಿಯಾಗಿದ್ದರೆ ತಿರುಗಿಸುವವನ ಕೈಗೆ ತಕ್ಷಣ ತಿಳಿಯುತ್ತಿತ್ತು. ಗುಂಡಿ ಒತ್ತಿದರೆ ಗಾಜು ಇಳಿಯುವ ಏರ್ಪಾಡನ್ನು ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ತನ್ನ ದುಬಾರಿ ಕಾರುಗಳಲ್ಲೇ ತಂದಿತ್ತು. ಭಾರತದ ಮಧ್ಯಮ ವರ್ಗದ ಕಾರಿಗೆ ಅದು ಮಾಮೂಲಿಯಾಗಲು ಅರ್ಧ ಶತಮಾನವೇ ಕಳೆಯಿತು. ಹೊಸ ಏರ್ಪಾಡಿನಲ್ಲಿ ಸುಖವಿದೆ. ಆದರೆ ಗಾಜಿನ ಕಷ್ಟ ಕೈಗೆ ತಿಳಿಯುವುದಿಲ್ಲ. ಗುಂಡಿಗೆ ಬಿಗಿಯೂ ಒಂದೇ, ಸಡಿಲವೂ ಒಂದೇ.

ಬಾಗಿಲಿನ ಹೊಟ್ಟೆಯೊಳಗೆ ಇರುವುದು ಇಷ್ಟು. ಮುಷ್ಟಿಗಾತ್ರದ ಒಂದು ಮೋಟಾರು. ಅದರ ದಂಡದ ತುದಿಯಲ್ಲಿ ತಿರುಪು ಮೊಳೆಯಂತೆ ಸುರುಳಿ ಹಲ್ಲುಗಳು. ಆ ಸುರುಳಿ ಒಂದು ಹಲ್ಲುಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತದೆ. ಚಕ್ರವು ಕತ್ತರಿಯಾಕಾರದ ತೋಳುಗಳನ್ನೋ, ಬಾವಿಯ ರಾಟೆಯಂತೆ ಸುತ್ತಿದ ಉಕ್ಕಿನ ತಂತಿಯನ್ನೋ ಎಳೆದು ಗಾಜನ್ನು ಏರಿಳಿಸುತ್ತದೆ. ಗ್ಯಾರೇಜಿನವರು ಈ ತೋಳು ತಂತಿಗಳ ಇಡೀ ಜೋಡಣೆಯನ್ನು 'ಮಷೀನು' ಎಂದು ಕರೆದು ಮುಗಿಸುತ್ತಾರೆ. ಸುರುಳಿ ಹಲ್ಲಿನ ವಿಶೇಷವೆಂದರೆ ಅದು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಅದನ್ನು ತಿರುಗಿಸಲಾರದು. ತಿರುಪು ಮೊಳೆಯನ್ನು ತಿರುಗಿಸಿ ಮರದೊಳಗೆ ಇಳಿಸಬಹುದು; ಹಿಡಿದೆಳೆದು ತಾನಾಗಿ ತಿರುಗುತ್ತಾ ಹೊರಬರುವಂತೆ ಮಾಡಲಾದೀತೇ? ಕಳ್ಳರು ಗಾಜನ್ನು ಕೈಯಿಂದ ಒತ್ತಿ ಇಳಿಸದಿರಲಿ ಎಂಬುದಕ್ಕೆ ಇದೇ ಕಾವಲು. ಮೋಟಾರು ಕೆಟ್ಟಾಗ ಯಜಮಾನರಿಗೂ ಇದೇ ಅಡ್ಡಿ.

ಮೊಳಕಾಲ್ಮುರಿಗೆ ತಿರುಗುವ ಹಾನಗಲ್ ಕ್ರಾಸಿನ ಹತ್ತಿರ ತಗಡಿನ ಚಪ್ಪರದ ಒಂದು ಸಣ್ಣ ಗ್ಯಾರೇಜು ಸಿಕ್ಕಿತು. ಮೆಕ್ಯಾನಿಕ್ಕಿಗೆ ನಲವತ್ತರ ಹತ್ತಿರದ ವಯಸ್ಸು. ಗಾಡಿ ನಿಲ್ಲುತ್ತಲೇ ಸ್ಪ್ಯಾನರ್ ಹಿಡಿದು ಬರುವ ಜಾತಿಯಲ್ಲ. ಮೊದಲು ಅಜ್ಜನಿಗೆ ಕುರ್ಚಿ ಹಾಕಿ ನೀರು ಕೊಟ್ಟ. ಆಮೇಲೆ ಡ್ರೈವರ್ ಸೀಟಿನಲ್ಲಿ ಕುಳಿತು ಬಾಗಿಲಿನ ಗುಂಡಿಗಳ ಸಾಲನ್ನು ನೋಡಿದ.

ಅಲ್ಲಿ ಅಡ್ಡಗೀಟು ಎಳೆದ ಕಿಟಕಿಯ ಚಿತ್ರವಿರುವ ಒಂದು ಗುಂಡಿ ಇರುತ್ತದೆ. ಮಕ್ಕಳು ಹಿಂದಿನ ಸೀಟಿನಲ್ಲಿ ಗಾಜಿನ ಜೊತೆ ಆಟವಾಡದಿರಲೆಂದು ಕೊಟ್ಟಿರುವುದು ಅದನ್ನು. ಅದು ಒತ್ತಿದ್ದರೆ ಉಳಿದ ಬಾಗಿಲುಗಳ ಗುಂಡಿಗಳು ಸತ್ತಂತೆಯೇ. ಒರೆಸುವ ಬಟ್ಟೆ ತಗುಲಿ ಇದು ಒತ್ತಿಕೊಂಡಿರುತ್ತದೆ. ಕಾರಿನವರು ಗಾಬರಿಯಾಗಿ ಗ್ಯಾರೇಜಿಗೆ ಓಡುತ್ತಾರೆ. ಒಂದು ಬೆರಳಿನಲ್ಲಿ ರಿಪೇರಿ ಮುಗಿಯುತ್ತದೆ. ಈ ಕಾರಿನಲ್ಲಿ ಅದು ಒತ್ತಿರಲಿಲ್ಲ.

ಎರಡನೆಯ ಪ್ರಶ್ನೆ: ಉಳಿದ ಗಾಜುಗಳು ಕೆಲಸ ಮಾಡುತ್ತಿವೆಯೇ? ಮಾಡುತ್ತಿದ್ದವು. ನಾಲ್ಕೂ ಒಟ್ಟಿಗೆ ನಿಂತಿದ್ದರೆ ಅನುಮಾನ ಮೊದಲು ಫ್ಯೂಸಿನ ಮೇಲೆ, ಆಮೇಲೆ ರಿಲೇ ಮೇಲೆ. ಕಿಟಕಿಗಳ ಫ್ಯೂಸು ಸಾಮಾನ್ಯವಾಗಿ 20ರಿಂದ 30 ಆಂಪಿಯರಿನದು. ಕೆಲವು ಕಾರುಗಳಲ್ಲಿ ಎಲ್ಲಕ್ಕೂ ಒಂದೇ ಫ್ಯೂಸು, ಕೆಲವದರಲ್ಲಿ ಬಾಗಿಲಿಗೊಂದು. ಯಾವುದು ಎಲ್ಲಿದೆ ಎಂಬುದು ಕಾರಿನ ಜೊತೆ ಕೊಟ್ಟ, ಯಾರೂ ಓದದ ಪುಸ್ತಕದಲ್ಲಿದೆ. ಸುಟ್ಟ ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆಯನ್ನೋ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನೋ ಸುತ್ತಿ ಹಾಕುವ ಜಾಣರು ಎಲ್ಲ ಊರಿನಲ್ಲೂ ಇದ್ದಾರೆ. ಆಮೇಲೆ ಸುಡುವುದು ಫ್ಯೂಸಲ್ಲ, ಬಾಗಿಲೊಳಗಿನ ವೈರು.

ಮೂರನೆಯದು ಇನ್ನೂ ಸೂಕ್ಷ್ಮ. ಗಾಜು ಮೇಲೇರುತ್ತದೆಯೇ? ಇಳಿಯುವುದಷ್ಟೇ ಇಲ್ಲವೇ? ಮೋಟಾರಿಗೆ ಹೋಗುವುದು ಎರಡೇ ವೈರು. ಪ್ರವಾಹ ಈ ವೈರಿನಿಂದ ಹೊಕ್ಕು ಆ ವೈರಿನಿಂದ ಹೊರಟರೆ ಗಾಜು ಏರುತ್ತದೆ, ದಿಕ್ಕು ತಿರುಗಿದರೆ ಇಳಿಯುತ್ತದೆ. ಏರುವ ಗಾಜು ಇಳಿಯುತ್ತಿಲ್ಲವೆಂದರೆ ಮೋಟಾರು ಚೆನ್ನಾಗಿದೆ, ಎರಡೂ ವೈರು ಚೆನ್ನಾಗಿವೆ, ಫ್ಯೂಸೂ ಚೆನ್ನಾಗಿದೆ. ಉಳಿದದ್ದು ಸ್ವಿಚ್ಚಿನೊಳಗಿನ 'ಇಳಿ' ಎನ್ನುವ ಸಂಪರ್ಕ ಮಾತ್ರ. ಇಷ್ಟು ತರ್ಕಕ್ಕೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ. ಮೋಟಾರು ಹೋಗಿದೆ ಎಂದು ಹೇಳಿ ಸಾವಿರಾರು ರೂಪಾಯಿಯ ಬಿಲ್ಲು ಬರೆಯುವವರ ಮುಂದೆ ಈ ಒಂದು ಪ್ರಶ್ನೆ ಕೇಳಿದರೂ ಸಾಕು. ಹಿಂದಿನ ಕಿಟಕಿಗಳ ವಿಷಯದಲ್ಲಿ ಇನ್ನೊಂದು ತಿರುವಿದೆ. ಹಲವು ಕಾರುಗಳಲ್ಲಿ ಹಿಂಬಾಗಿಲಿನ ಪ್ರವಾಹ ಡ್ರೈವರ್ ಕೈಯ ಸ್ವಿಚ್ಚನ್ನು ಹಾದೇ ಬರುತ್ತದೆ. ಹಾಗಾಗಿ ಹಿಂದಿನ ಸ್ವಿಚ್ಚು ಹೊಸದಾಗಿದ್ದರೂ ಮುಂದಿನದರ ಒಳಗೆ ತುಕ್ಕಿದ್ದರೆ ಗಾಜು ನಿಂತೀತು.

ಆದರೆ ಈ ಗಾಜು ಏರಲೂ ಇಲ್ಲ, ಇಳಿಯಲೂ ಇಲ್ಲ. ಎರಡು ಸ್ವಿಚ್ಚಿಗೂ ಸದ್ದಿಲ್ಲ.

'ಎಷ್ಟು ಹೊತ್ತಿಂದ ಒತ್ತುತಾ ಇದೀಯಪ್ಪ?'

'ಚಳ್ಳಕೆರೆಯಿಂದ, ಅಣ್ಣಾ.'

'ಸರಿ. ಎಲ್ರೂ ಟೀ ಕುಡೀರಿ. ಕಾಲು ಗಂಟೆ ಯಾರೂ ಮುಟ್ಟಬೇಡಿ.'

ವ್ಯಾಪಾರಿಗೆ ಸಿಟ್ಟು ಬಂತು. ಸೀರೆ ಅಂಗಡಿಯವರು ಕಾಯುತ್ತಿದ್ದಾರೆ, ಇವನು ಟೀ ಕುಡಿಸುತ್ತಾನೆ! ಆದರೆ ಮೆಕ್ಯಾನಿಕ್ ಹೇಳಿದ್ದರಲ್ಲಿ ಹತ್ತನೇ ತರಗತಿಯ ಭೌತವಿಜ್ಞಾನವಿತ್ತು.

ಮೋಟಾರಿನ ಸುರುಳಿಯ ರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. ಬ್ಯಾಟರಿ 12 ವೋಲ್ಟಿನದು. ಭಾಗಿಸಿದರೆ 24 ಆಂಪಿಯರ್ ಹರಿಯಬೇಕು. ಆದರೆ ತಿರುಗುತ್ತಿರುವ ಮೋಟಾರು ತಾನೇ ಒಂದು ಪುಟ್ಟ ಡೈನಮೋ ಕೂಡ ಆಗಿರುತ್ತದೆ. ಬ್ಯಾಟರಿಗೆ ಎದುರಾಗಿ ವೋಲ್ಟೇಜನ್ನು ಹುಟ್ಟಿಸುತ್ತದೆ. ಆ ಎದುರು ಒತ್ತಡ 9 ವೋಲ್ಟ್ ಇದ್ದರೆ ಉಳಿಯುವುದು 3 ವೋಲ್ಟ್. ಹರಿಯುವುದು 6 ಆಂಪಿಯರ್ ಮಾತ್ರ. ಗಾಜು ಸಿಕ್ಕಿಕೊಂಡು ಮೋಟಾರು ನಿಂತುಬಿಟ್ಟರೆ ಈ ಎದುರು ಒತ್ತಡ ಸೊನ್ನೆ. ಆಗ ಪೂರಾ 24 ಆಂಪಿಯರ್ ಸುರುಳಿಯೊಳಗೆ ನುಗ್ಗುತ್ತದೆ. ಪ್ರವಾಹ ನಾಲ್ಕು ಪಟ್ಟಾದರೆ ಸುರುಳಿಯ ಶಾಖ ನಾಲ್ಕಲ್ಲ, ಹದಿನಾರು ಪಟ್ಟು. ಲೆಕ್ಕ ಹಾಕಿ ನೋಡಿ: 18 ವಾಟ್ ಇದ್ದದ್ದು 288 ವಾಟ್ ಆಗುತ್ತದೆ, ಅದೂ ಮುಷ್ಟಿಯಷ್ಟು ಜಾಗದಲ್ಲಿ. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕೆ ತರಬೇತಿಗೆ ಹೋಗಿಬಂದ ಮೇಷ್ಟರುಗಳು ಮಕ್ಕಳಿಗೆ ಈ ಎದುರು ಒತ್ತಡವನ್ನು ತಿಳಿಸಲು ಕಪ್ಪುಹಲಗೆಗಿಂತ ಶಾಲೆಯ ಮುಂದೆ ನಿಂತ ಕಾರಿನ ಕಿಟಕಿಯನ್ನು ಬಳಸಿದರೆ ಒಳ್ಳೆಯದು.

ಸುರುಳಿ ಸುಟ್ಟುಹೋಗದಿರಲೆಂದು ತಯಾರಕರು ಮೋಟಾರಿನೊಳಗೆ ಒಂದು ಕಾವಲುಗಾರನನ್ನು ಇಟ್ಟಿರುತ್ತಾರೆ. ಕೆಲವದರಲ್ಲಿ ಅದು ಎರಡು ಲೋಹಗಳ ಬೆಸುಗೆಯ ಪಟ್ಟಿ, ಇಸ್ತ್ರಿಪೆಟ್ಟಿಗೆಯಲ್ಲಿ ಇರುವಂಥದ್ದೇ. ಬಿಸಿಯಾದಾಗ ಬಾಗಿ ಮಂಡಲವನ್ನು ಕಡಿಯುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಏಪ್ರಿಲ್ ಬಿಸಿಲಿಗೆ ಬಾಗಿಲಿನ ತಗಡು ಮೊದಲೇ ಕಾದಿರುತ್ತದೆ. ಅದರ ಮೇಲೆ ಡ್ರೈವರ್ ಹುಡುಗ ದಾರಿಯುದ್ದಕ್ಕೂ ಗುಂಡಿ ಒತ್ತಿದ್ದಾನೆ. ಗುಂಯ್ ಎನ್ನುತ್ತಿದ್ದ ಸದ್ದು ನಿಂತದ್ದು ಮೋಟಾರು ಸತ್ತದ್ದಕ್ಕಲ್ಲ, ಕಾವಲುಗಾರ ಬಾಗಿಲು ಹಾಕಿದ್ದಕ್ಕೆ. ಒತ್ತಿದಷ್ಟೂ ಅವನು ತೆರೆಯುವುದು ತಡ. ಇಂಥ ಹೊತ್ತಿನಲ್ಲಿ ಬಾಗಿಲು ಬಿಚ್ಚಿ ಪರೀಕ್ಷೆ ಮಾಡಿದವರು ಮೋಟಾರು ಸತ್ತಿದೆ ಎಂದೇ ತೀರ್ಪು ಕೊಟ್ಟುಬಿಡುತ್ತಾರೆ. ಹೊಸದನ್ನು ಹಾಕಿದ ಮೇಲೂ ಗಾಜು ಸಿಕ್ಕಿಕೊಳ್ಳುತ್ತದೆ. ಬಿಚ್ಚಿಟ್ಟ ಹಳೆಯದು ಮಾರನೇ ದಿನ ಮೇಜಿನ ಮೇಲೆ ಸೊಗಸಾಗಿ ತಿರುಗುತ್ತದೆ.

ಟೀ ಮುಗಿಯಿತು. ಮೆಕ್ಯಾನಿಕ್ ಎಂಜಿನ್ ನಿಲ್ಲಿಸಿ, ಕೀಲಿ ಮಾತ್ರ ತಿರುಗಿಸಿ, ಕಾರಿನೊಳಗಿನ ಚಾವಣಿಯ ದೀಪ ಹಾಕಿದ. ಡ್ರೈವರಿಗೆ ಗುಂಡಿ ಒತ್ತಲು ಹೇಳಿ ದೀಪವನ್ನೇ ದಿಟ್ಟಿಸಿದ. ದೀಪ ಕೊಂಚ ಮಂಕಾಯಿತು. ಬಾಗಿಲೊಳಗೆ ಕ್ಷಣಕಾಲ ಗುಂಯ್ ಎಂದಿತು. ಗಾಜು ನಡುಗಿತು, ಇಳಿಯಲಿಲ್ಲ.

'ಬಿಡು ಬಿಡು, ಸಾಕು' ಎಂದ.

ಕಾಸಿನ ಖರ್ಚಿಲ್ಲದ ಮೀಟರು ಈ ದೀಪ. ಗುಂಡಿ ಒತ್ತಿದಾಗ ದೀಪ ಮಂಕಾದರೆ ಬ್ಯಾಟರಿಯಿಂದ ಭಾರಿ ಪ್ರವಾಹ ಹೊರಟಿದೆ, ಮೋಟಾರಿನವರೆಗೆ ದಾರಿ ತೆರೆದಿದೆ, ಆದರೆ ಮೋಟಾರನ್ನು ಏನೋ ಹಿಡಿದಿಟ್ಟಿದೆ ಎಂದರ್ಥ. ದೀಪ ಇದ್ದಂತೆಯೇ ಇದ್ದರೆ ಪ್ರವಾಹ ಎಲ್ಲೋ ದಾರಿಯಲ್ಲಿ ಕಡಿದಿದೆ.

ಕಡಿಯುವ ಜಾಗಗಳೂ ಗೊತ್ತಿದ್ದವೇ. ಬಾಗಿಲಿಗೂ ಕಾರಿನ ಮೈಗೂ ನಡುವೆ, ಕೀಲಿನ ಹತ್ತಿರ, ಕೊಳವೆಯಂಥ ರಬ್ಬರ್ ಇದೆಯಲ್ಲ, ವೈರುಗಳು ಅದರೊಳಗಿಂದ ಹಾಯುತ್ತವೆ. ಬಾಗಿಲು ತೆರೆದು ಮುಚ್ಚಿದಂತೆಲ್ಲ ಅವು ಬಾಗುತ್ತವೆ. ತಾಮ್ರದ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಅದು ಗಡುಸಾಗಿ ತುಂಡಾಗುವುದನ್ನು ಯಾರೂ ಮಾಡಿ ನೋಡಬಹುದು. ಇಲ್ಲಿ ಆಗುವುದೂ ಅದೇ, ವರ್ಷಗಟ್ಟಲೆ ನಿಧಾನವಾಗಿ. ಮೇಲಿನ ಹೊದಿಕೆ ಅಖಂಡವಾಗಿ ಕಾಣುತ್ತದೆ, ಒಳಗಿನ ತಂತಿ ತುಂಡಾಗಿರುತ್ತದೆ. ಒಬ್ಬರು ಗುಂಡಿ ಒತ್ತಿ ಹಿಡಿದಿರಬೇಕು, ಇನ್ನೊಬ್ಬರು ಬಾಗಿಲನ್ನು ಮೆಲ್ಲಗೆ ತೆರೆದು ಮುಚ್ಚಬೇಕು. ಯಾವುದೋ ಒಂದು ಕೋನದಲ್ಲಿ ಗಾಜು ಜೀವ ಬಂದಂತೆ ಸರಿದರೆ ಕಳ್ಳ ಸಿಕ್ಕಿಬಿದ್ದ. ಮೊಳಕಾಲ್ಮುರಿನ ಮಗ್ಗದಲ್ಲಿ ಹಾಸಿನ ಒಂದು ಎಳೆ ಕಡಿದರೆ ನೇಕಾರರು ಇಡೀ ಹಾಸನ್ನು ಕತ್ತರಿಸಿ ಹಾಕುವುದಿಲ್ಲ. ಆ ಎಳೆಯನ್ನೇ ಹಿಡಿದು ಹೋಗಿ ಕಡಿದ ಜಾಗದಲ್ಲಿ ಗಂಟು ಹಾಕುತ್ತಾರೆ. ಶೇಂಗಾ ಗೋದಾಮಿನ ಪಕ್ಕ ಕಾರು ನಿಲ್ಲಿಸುವವರು ಇನ್ನೊಬ್ಬ ಶತ್ರುವನ್ನೂ ನೆನಪಿಡಬೇಕು. ಇಲಿಗೆ ಶೇಂಗಾದಷ್ಟು ಅಲ್ಲದಿದ್ದರೂ ವೈರಿನ ಹೊದಿಕೆಯೂ ಇಷ್ಟವೇ.

ಇನ್ನೊಂದು ಮೋಸವಿದೆ, ಅನುಭವಿಗಳನ್ನೂ ದಾರಿ ತಪ್ಪಿಸುವಂಥದ್ದು. ಮಲ್ಟಿಮೀಟರ್ ಹಚ್ಚಿದರೆ 12 ವೋಲ್ಟ್ ತೋರಿಸುತ್ತದೆ, ಮೋಟಾರು ಮಾತ್ರ ಅಲುಗುವುದಿಲ್ಲ. ಸ್ವಿಚ್ಚಿನೊಳಗಿನ ಸಂಪರ್ಕಕ್ಕೆ ಕಿಲುಬು ಹತ್ತಿ ಅಲ್ಲಿ ಒಂದು ಓಮ್ ರೋಧ ಕೂತಿದೆ ಎನ್ನಿ. ಮೀಟರು ಎಳೆದುಕೊಳ್ಳುವ ಪ್ರವಾಹ ಅತ್ಯಲ್ಪ. ಅಷ್ಟಕ್ಕೆ ಈ ಒಂದು ಓಮ್ ಲೆಕ್ಕಕ್ಕೇ ಬರುವುದಿಲ್ಲ. ಮೋಟಾರು ಜೋಡಿಸಿದರೆ ಒಟ್ಟು ರೋಧ ಒಂದೂವರೆ ಓಮ್, ಪ್ರವಾಹ 8 ಆಂಪಿಯರ್. ಅದರಲ್ಲಿ 8 ವೋಲ್ಟನ್ನು ಕಿಲುಬೇ ನುಂಗಿ ಮೋಟಾರಿಗೆ 4 ವೋಲ್ಟ್ ಬಿಡುತ್ತದೆ. ಆದ್ದರಿಂದ ಹಳೇ ಮೆಕ್ಯಾನಿಕ್ಕುಗಳು ಹೆಡ್‌ಲೈಟಿನ ಬಲ್ಬಿಗೆ ಎರಡು ವೈರು ಕಟ್ಟಿಕೊಂಡು ಪರೀಕ್ಷಿಸುವುದೇ ಮೇಲು. ಬಲ್ಬು ಪ್ರವಾಹವನ್ನು ಗಟ್ಟಿಯಾಗಿ ಎಳೆಯುತ್ತದೆ, ಮಂಕಾಗಿ ಉರಿದು ಗುಟ್ಟನ್ನು ಹೊರಹಾಕುತ್ತದೆ.

ಅಜ್ಜನ ಕಿಟಕಿಯಲ್ಲಿ ಇದಾವುದೂ ಇರಲಿಲ್ಲ. ದೀಪ ಮಂಕಾಗಿತ್ತು, ಅಂದರೆ ಗಾಜು ಸಿಕ್ಕಿಕೊಂಡಿತ್ತು. ಮೆಕ್ಯಾನಿಕ್ ಬಾಗಿಲು ತೆರೆದು ಗಾಜಿನ ಎರಡೂ ಪಕ್ಕಕ್ಕೆ ಅಂಗೈ ಒತ್ತಿ ಹಿಡಿದ. 'ಈಗ ಒತ್ತು' ಎಂದ. ಮೋಟಾರು ತಿರುಗಲು ಹೊರಟ ಕ್ಷಣದಲ್ಲೇ ಕೆಳಕ್ಕೆ ಜಗ್ಗಿದ. ವ್ಯಾಪಾರಿಯ ಬಲಕ್ಕೆ ಅಲುಗದ ಗಾಜು ಎರಡು ಬೆರಳಷ್ಟು ಇಳಿಯಿತು. ಕಾರಣ ಸುರುಳಿ ಹಲ್ಲೇ: ಅದು ತಾನಾಗಿ ತಿರುಗುವಾಗ ಮಾತ್ರ ಹೊರಗಿನ ಸಹಾಯವನ್ನು ಒಪ್ಪುತ್ತದೆ. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಮತ್ತೆ ಬಿಡುವು. ನಾಲ್ಕನೇ ಸಲಕ್ಕೆ ಗಾಜು ಅರ್ಧ ಇಳಿಯಿತು. ಗಾಜು ಜಾರುವ ರಬ್ಬರ್ ಗಾಡಿಯೊಳಗೆ ಅವನು ಒಂದು ಪ್ಲಾಸ್ಟಿಕ್ ಸ್ಕೇಲಿಗೆ ಬಟ್ಟೆ ಸುತ್ತಿ ತೂರಿಸಿ ಎಳೆದ. ಬಟ್ಟೆಗೆ ಮೆತ್ತಿ ಬಂದದ್ದು ಕೆಂಪುಗಪ್ಪು ಬಣ್ಣದ, ಹಪ್ಪಳದ ಹಿಟ್ಟಿನಂಥ ಅಂಟು.

'ಇದಕ್ಕೆ ಎಣ್ಣೆ ಬಿಟ್ಟೋರು ಯಾರು?'

ಡ್ರೈವರ್ ಹುಡುಗ ನೆಲ ನೋಡಿದ. ಹೋದ ತಿಂಗಳು ಗಾಜು ಕಿರ್ ಎನ್ನುತ್ತಿತ್ತಂತೆ. ಮನೆಯಲ್ಲಿ ಎಣ್ಣೆಗೇನು ಕಡಿಮೆ? ಒಂದು ಲೋಟ ಶೇಂಗಾ ಎಣ್ಣೆಯನ್ನು ಮೂಲೆಗೆ ಹುಯ್ದಿದ್ದ.

ಚಳ್ಳಕೆರೆಗೆ ಎಣ್ಣೆ ನಗರವೆಂಬ ಹೆಸರು ಬಂದದ್ದು ಅಲ್ಲಿನ ಶೇಂಗಾ ಎಣ್ಣೆ ಮಿಲ್ಲುಗಳಿಂದ. ಅಲ್ಲಿನವರು ಎಣ್ಣೆಯನ್ನು ಎಲ್ಲ ಕಿರುಗುಟ್ಟುವಿಕೆಗೂ ಮದ್ದು ಎಂದು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಕಿಟಕಿಯ ರಬ್ಬರಿಗೆ ಅದು ಮದ್ದಲ್ಲ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಸೀಮೆ ಇದು. ವರ್ಷದ ಬಹುಪಾಲು ಧೂಳು ಗಾಳಿಯಲ್ಲೇ ಇರುತ್ತದೆ. ಒಣ ಧೂಳು ಗಾಜಿನ ಜೊತೆ ಜಾರಿ ಉದುರೀತು. ಎಣ್ಣೆ ಕುಡಿದ ಧೂಳು ಕೂತಲ್ಲೇ ಕೂರುತ್ತದೆ. ಎಣ್ಣೆಯೂ ಬಿಸಿಲಿಗೆ, ಗಾಳಿಗೆ ಹಳಸಿ ಅಂಟಾಗುತ್ತದೆ. ಎಂಜಿನ್ ಆಯಿಲ್, ಗ್ರೀಸ್ ಇನ್ನೂ ಕೆಟ್ಟವು, ಏಕೆಂದರೆ ಈ ಜಾತಿಯ ರಬ್ಬರು ಪೆಟ್ರೋಲಿಯಂ ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಗಾಜನ್ನು ಮತ್ತಷ್ಟು ಹಿಸುಕುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ತೆಳ್ಳಗೆ ಹೊಡೆದರೆ ಸಾಕು. ಅದು ಧೂಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಬಾಗಿಲಿನ ಅಡಿಯಲ್ಲಿ ನೀರು ಸೋರಿಹೋಗಲು ಇರುವ ಸಣ್ಣ ತೂತುಗಳನ್ನೂ ಕಡ್ಡಿ ಹಾಕಿ ಬಿಡಿಸಿಕೊಳ್ಳಬೇಕು. ಅಪರೂಪಕ್ಕೆ ಮಳೆ ಬಂದಾಗ ನೀರು ಒಳಗೇ ನಿಂತರೆ ಮೋಟಾರಿಗೆ ಕಿಲುಬು ಹಿಡಿಯುವುದು ಅಲ್ಲಿಂದಲೇ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಅಜ್ಜನ ಕಡೆ ತಿರುಗಿದ. 'ಅಜ್ಜಾ, ಇವ್ರು ಅಂಗಡಿಗೆ ಹೋದಾಗ ನೀವು ಗಾಡಿಯಾಗೇ ಕೂತ್ಕೋಬೇಡಿ.'

ಅವನು ಹೇಳಿದ್ದಕ್ಕೆ ಅಂಕಿ ಅಂಶದ ಬೆಂಬಲವೂ ಇದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಎಷ್ಟು ಕಾವು ಏರುತ್ತದೆ ಎಂದು ಅಮೆರಿಕದಲ್ಲಿ ಅಳೆದು ನೋಡಿದವರ ವರದಿ 2005ರಲ್ಲಿ ಅಲ್ಲಿನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗಂಟೆಯಲ್ಲಿ ಕಾರಿನ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಆ ಏರಿಕೆಯ ನೂರಕ್ಕೆ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಗಾಜನ್ನು ಬೆರಳಷ್ಟು ತೆರೆದಿಟ್ಟರೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹೊರಗೆ 38 ಡಿಗ್ರಿ ಇರುವ ದಿನಕ್ಕೆ ಈ ಲೆಕ್ಕ ಕೂಡಿಸಿ ನೋಡಿದರೆ 60! ಐದು ನಿಮಿಷ ಎಂದು ಮಗುವನ್ನೋ ಮುದುಕರನ್ನೋ ಕಾರಿನಲ್ಲಿ ಬಿಟ್ಟು ಸೀರೆ ಅಂಗಡಿ ಹೊಕ್ಕವರ ಐದು ನಿಮಿಷ ಎಷ್ಟು ಉದ್ದವೆಂದು ಎಲ್ಲರಿಗೂ ಗೊತ್ತು.

ಗಾಜು ಇಳಿಯದೆ, ಬಾಗಿಲೂ ತೆರೆಯದೆ ಒಳಗೆ ಯಾರಾದರೂ ಸಿಕ್ಕಿಕೊಂಡರೆ ಮುಂದಿನ ದೊಡ್ಡ ಗಾಜನ್ನು ಒಡೆಯಲು ಹೋಗಬಾರದು. ಅದು ನಡುವೆ ಪ್ಲಾಸ್ಟಿಕ್ ಹಾಳೆಯಿಟ್ಟು ಅಂಟಿಸಿದ ಜೋಡಿ ಗಾಜು. ಬಿರುಕು ಬಿಡುತ್ತದೆ, ದಾರಿ ಬಿಡುವುದಿಲ್ಲ. ಪಕ್ಕದ ಗಾಜು ಸಾಮಾನ್ಯವಾಗಿ 600 ಡಿಗ್ರಿಗೂ ಮೀರಿ ಕಾಯಿಸಿ ಗಾಳಿ ಊದಿ ಥಟ್ಟನೆ ತಣಿಸಿದ್ದು. ಅಂಗೈ ಪೆಟ್ಟಿಗೆ ಜಗ್ಗದ ಅದು ಮೂಲೆಯಲ್ಲಿ ಚೂಪಾದ ಉಕ್ಕಿನ ಒಂದು ಏಟು ಬಿದ್ದರೆ ಕಲ್ಲುಸಕ್ಕರೆಯಂತೆ ಪುಡಿಯಾಗುತ್ತದೆ. ಒಳಗಿರುವವರಿಂದ ದೂರದ ಕಿಟಕಿಗೆ ಹೊಡೆಯಬೇಕು. ನೀರಿಗೆ ಬಿದ್ದ ಕಾರಿನ ಕಿಟಕಿಗಳು ಮೊದಲ ಒಂದೆರಡು ನಿಮಿಷ ಹೆಚ್ಚಾಗಿ ಕೆಲಸ ಮಾಡುತ್ತಿರುತ್ತವೆ. ಬಾಗಿಲಿನೊಡನೆ ಗುದ್ದಾಡದೆ ತಕ್ಷಣ ಗಾಜು ಇಳಿಸಬೇಕು. ತಡವಾದರೆ ನೀರಿನ ಒತ್ತಡ ಗಾಜನ್ನೂ ಬಿಗಿಹಿಡಿಯುತ್ತದೆ. ನಮ್ಮ ಸೀಮೆಯಲ್ಲಿ ನೀರೆಲ್ಲಿದೆ ಎಂದು ಚಳ್ಳಕೆರೆಯವರು ನಗಬಾರದು. 1933ರ ನಂತರ ಕೋಡಿ ಬೀಳದಿದ್ದ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದು, ವೇದಾವತಿ ಚಳ್ಳಕೆರೆ ತಾಲ್ಲೂಕಿನವರೆಗೆ ತುಂಬಿ ಹರಿದದ್ದನ್ನು ಅವರೇ ನೋಡಿದ್ದಾರೆ.

ಮೆಕ್ಯಾನಿಕ್ ಕೇಳಿದ್ದು ಇನ್ನೂರು ರೂಪಾಯಿ. 'ಒಂದು ಸ್ಕ್ರೂನೂ ಬಿಚ್ಚಲಿಲ್ವಲ್ಲೋ' ಎಂದು ವ್ಯಾಪಾರಿ ಚೌಕಾಸಿಗೆ ನಿಂತರು. 'ಬಿಚ್ಚಿದ್ರೆ ಎರಡು ಸಾವಿರ ಆಗ್ತಿತ್ತು ಯಜಮಾನ್ರೇ' ಎಂಬ ಉತ್ತರಕ್ಕೆ ಎದುರು ಮಾತಿರಲಿಲ್ಲ.

ಸೀರೆ ಆರಿಸುವುದರಲ್ಲಿ ಸಂಜೆಯಾಯಿತು. ಅಜ್ಜ ಅಂಗಡಿಯೊಳಗೇ ಫ್ಯಾನಿನ ಕೆಳಗೆ ಕೂತಿದ್ದರು. ಹಿಂದಿರುಗುವಾಗ ಲಾರಿಗಳ ಧೂಳು ಎಡಗಡೆಯ ಕಿಟಕಿಯಿಂದ ನೇರ ಒಳಗೆ ಬರುತ್ತಿತ್ತು. ಸೀರೆಯ ಪೊಟ್ಟಣವನ್ನು ಸೆರಗಿನಿಂದ ಮುಚ್ಚಿಕೊಂಡ ಸೊಸೆ, 'ಮಾವಾ, ಸ್ವಲ್ಪ ಗ್ಲಾಸ್ ಏರಿಸ್ಲಾ?' ಎಂದು ಎರಡು ಸಲ ಕೇಳಿದರು. ಏರಿದ್ದು ಮತ್ತೆ ಇಳಿಯುತ್ತದೆಂದು ಯಾರು ಗ್ಯಾರಂಟಿ ಕೊಡುತ್ತಾರೆ ಎಂದು ಅಜ್ಜ ಚಳ್ಳಕೆರೆ ಬರುವವರೆಗೂ ಗುಂಡಿಯ ಮೇಲೆ ಅಂಗೈ ಮುಚ್ಚಿ ಕೂತಿದ್ದರು.